ಉಲ್ಕಾಶಿಲೆಗಳನ್ನು ನಕ್ಷೆಗೆ ತರುವುದು ಹೇಗೆ? ಕ್ಯೂಜಿಐಎಸ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಆಕಾಶದಿಂದ ಒಂದು ಕಲ್ಲು ಬಿತ್ತು. ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್‌ನಲ್ಲಿ, ಮೈಸೂರು ಸಂಸ್ಥಾನದ ಮದ್ದೂರಿನ ಬಳಿ ಇನ್ನೊಂದು ಬಿತ್ತು. ಮೊದಲನೆಯದು ಮಂಗಳ ಗ್ರಹದ ಬಂಡೆ. ಮಂಗಳದಿಂದ ಬಂದ ಉಲ್ಕಾಶಿಲೆಗಳ ಒಂದು ದೊಡ್ಡ ವರ್ಗಕ್ಕೆ ಇಂದಿಗೂ ಆ ಊರಿನ ಹೆಸರೇ ಇದೆ. ಎರಡನೆಯದು ಎಲ್5 ವರ್ಗದ ಸಾಮಾನ್ಯ ಕೊಂಡ್ರೈಟ್, ಅಂದರೆ ಅತಿ ಹೆಚ್ಚಾಗಿ ಬೀಳುವ ಬಗೆಯ ಕಲ್ಲು, ದಾಖಲಾದ ತೂಕ 4.4 ಕಿಲೋಗ್ರಾಂ. ಈ ಎರಡನ್ನೂ ನಕ್ಷೆಯ ಮೇಲೆ ಎರಡು ಚುಕ್ಕೆಗಳಾಗಿ ಇಡಲು ಐದು ನಿಮಿಷ ಸಾಕು. ಆದರೆ ಆ ಚುಕ್ಕೆ ಕಲ್ಲು ಬಿದ್ದ ಹೊಲವನ್ನು ತೋರಿಸುತ್ತಿದೆಯೇ, ಹತ್ತಿರದ ಊರನ್ನು ತೋರಿಸುತ್ತಿದೆಯೇ, ಕಲ್ಲು ಈಗಿರುವ ವಸ್ತುಸಂಗ್ರಹಾಲಯವನ್ನು ತೋರಿಸುತ್ತಿದೆಯೇ ಎಂದು ಹೇಳಬಲ್ಲ ನಕ್ಷೆ ಮಾಡಲು ಸ್ವಲ್ಪ ತಾಳ್ಮೆ ಬೇಕು. ಈ ಬರಹ ಅಂಥ ನಕ್ಷೆಯನ್ನು ಮಾಡುವ ಬಗೆಯನ್ನು ಹೇಳುತ್ತದೆ.

ನಕ್ಷೆ ಮಾಡುವ ತಂತ್ರಾಂಶವಾಗಿ ಕ್ಯೂಜಿಐಎಸ್ ಅನ್ನು ಆರಿಸಿಕೊಂಡಿದ್ದೇನೆ. ಅದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಅಂಟಾರ್ಕ್ಟಿಕಾದಂಥ ಕಷ್ಟದ ಜಾಗವನ್ನೂ ಸರಿಯಾಗಿ ತೋರಿಸುತ್ತದೆ. ಗೂಗಲ್ ಮೈ ಮ್ಯಾಪ್ಸ್ ಸುಲಭ ನಿಜ, ಆದರೆ ಅದರ ಒಂದು ಪದರಕ್ಕೆ (ಲೇಯರ್) 2,000 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ನಾವು ಕೈಗೆತ್ತಿಕೊಳ್ಳುವ ಪಟ್ಟಿ ಅದರ ಇಪ್ಪತ್ತರಷ್ಟಕ್ಕಿಂತಲೂ ದೊಡ್ಡದು. ಕ್ಯೂಜಿಐಎಸ್ ಇಳಿಸಿಕೊಳ್ಳುವಾಗ ಹೊಚ್ಚಹೊಸ ಆವೃತ್ತಿಯ ಬದಲು ದೀರ್ಘಕಾಲ ಬೆಂಬಲವಿರುವ ಆವೃತ್ತಿಯನ್ನು ಆರಿಸಿ.

ಮಾಹಿತಿ ಎಲ್ಲಿ ಸಿಗುತ್ತದೆ

ಉಲ್ಕಾಶಿಲೆಗಳಿಗೆ ಅಧಿಕೃತವಾಗಿ ಹೆಸರು ಕೊಡುವುದು ಮೀಟಿಯೊರಿಟಿಕಲ್ ಸೊಸೈಟಿಯ ನಾಮಕರಣ ಸಮಿತಿ. ಒಪ್ಪಿಗೆಯಾದ ಪ್ರತಿಯೊಂದು ಹೆಸರೂ ಮೀಟಿಯೊರಿಟಿಕಲ್ ಬುಲೆಟಿನ್ ದತ್ತಸಂಚಯಕ್ಕೆ ಸೇರುತ್ತದೆ. ಅಲ್ಲಿ ಈಗ 70,000ಕ್ಕೂ ಹೆಚ್ಚು ಹೆಸರುಗಳಿವೆ. ದೇಶದ ಹೆಸರು, ವರ್ಗ, ವರ್ಷ ಹೀಗೆ ಬೇಕಾದಂತೆ ಸೋಸಿ ಹುಡುಕಬಹುದು. ಹುಡುಕಾಟದ ಫಲಿತಾಂಶವನ್ನು ಪಠ್ಯರೂಪದಲ್ಲಿ ಪಡೆದು ಸ್ಪ್ರೆಡ್‌ಶೀಟ್‌ಗೆ ತರಬಹುದು.

ಅದೇ ಮಾಹಿತಿಯ ಹಳೆಯ ಪ್ರತಿಯೊಂದನ್ನು ನಾಸಾ ತನ್ನ ಮುಕ್ತ ಮಾಹಿತಿ ತಾಣದಲ್ಲಿ ಸಿಎಸ್‌ವಿ ಕಡತವಾಗಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕೋಷ್ಟಕ) ಇಟ್ಟಿದೆ. ಒಟ್ಟು 45,716 ಸಾಲುಗಳು. ಹೆಸರು, ಗುರುತಿನ ಸಂಖ್ಯೆ, ವರ್ಗ, ಗ್ರಾಂಗಳಲ್ಲಿ ತೂಕ, ಬೀಳುವುದನ್ನು ಕಂಡದ್ದೇ ಅಥವಾ ಆಮೇಲೆ ಸಿಕ್ಕಿದ್ದೇ, ವರ್ಷ, ಅಕ್ಷಾಂಶ, ರೇಖಾಂಶ: ಇವು ಮುಖ್ಯ ಕಾಲಂಗಳು. ಕಲಿಯಲು ಇದಕ್ಕಿಂತ ಒಳ್ಳೆಯ ಕಡತ ಇಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನಕ್ಷೆ ಮಾಡುವವರು ಎದುರಿಸಬೇಕಾದ ಬಹುತೇಕ ಎಲ್ಲ ತೊಡಕುಗಳೂ ಇದೊಂದರಲ್ಲೇ ಸಿಗುತ್ತವೆ. ಒಂದು ಮಾತು ಮಾತ್ರ ನೆನಪಿರಲಿ. ಈ ಪ್ರತಿ 2013ಕ್ಕೆ ನಿಂತುಹೋಗಿದೆ. 2017ರ ಜೂನ್ 6ರಂದು ಜೈಪುರದ ಹತ್ತಿರ ಬಿದ್ದ ಮುಕುಂದಪುರ, 2022ರ ಆಗಸ್ಟ್‌ನಲ್ಲಿ ಗುಜರಾತಿನಲ್ಲಿ ಬಿದ್ದ ದಿಯೋದರ್ ಇದರಲ್ಲಿ ಇರುವುದಿಲ್ಲ. ಅಂಥವನ್ನು ಬುಲೆಟಿನ್ ನೋಡಿ ನೀವೇ ಸೇರಿಸಬೇಕು.

ಕಡತ ಇಳಿಸಿಕೊಂಡ ದಿನಾಂಕವನ್ನು ಕಡತದ ಹೆಸರಿನಲ್ಲೇ ಬರೆದಿಡಿ. ಮೂಲ ಕಡತವನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿ ಇಟ್ಟು, ನಕಲಿನ ಮೇಲೆ ಕೆಲಸ ಮಾಡಿ.

ಮೊದಲ ಹೆಜ್ಜೆ: ಕಡತವನ್ನು ತೆರೆಯುವುದು

ಕ್ಯೂಜಿಐಎಸ್ ತೆರೆದು ಎಡಗಡೆಯ ಬ್ರೌಸರ್ ಫಲಕದಲ್ಲಿ ಎಕ್ಸ್‌ವೈಝಡ್ ಟೈಲ್ಸ್ ಎಂಬುದರ ಕೆಳಗಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ. ಹಿನ್ನೆಲೆಯ ನಕ್ಷೆ ಬರುತ್ತದೆ. ಆಮೇಲೆ ಲೇಯರ್ ಮೆನುವಿನಲ್ಲಿ ಆ್ಯಡ್ ಲೇಯರ್, ಅದರೊಳಗೆ ಆ್ಯಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್ ಆರಿಸಿ. ಸಿಎಸ್‌ವಿ ಕಡತವನ್ನು ತೋರಿಸಿ. ಎನ್‌ಕೋಡಿಂಗ್ ಯುಟಿಎಫ್-8 ಇರಲಿ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಎಕ್ಸ್ ಎಂದಿರುವ ಜಾಗಕ್ಕೆ ರೇಖಾಂಶದ ಕಾಲಂ, ವೈ ಎಂದಿರುವ ಜಾಗಕ್ಕೆ ಅಕ್ಷಾಂಶದ ಕಾಲಂ ಹೋಗಬೇಕು. ನಾವು ಬಾಯಲ್ಲಿ ಹೇಳುವುದು ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಹಾಗಾಗಿ ಅದಲುಬದಲಾಗುವುದು ಸಹಜ. ಅದಲುಬದಲಾದರೆ ಮದ್ದೂರಿನ ಕಲ್ಲು ಉತ್ತರ ಧ್ರುವದ ಕಡೆಗೆ, ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಭಾರತದ ಚುಕ್ಕೆಗಳೆಲ್ಲ ಆರ್ಕ್ಟಿಕ್‌ನಲ್ಲಿ ಕಂಡರೆ ಕಾರಣ ಇದೇ. ಎರಡನೆಯದು, ಜಾಮಿಟ್ರಿ ಸಿಆರ್‌ಎಸ್ (ಸ್ಥಳವನ್ನು ಸಂಖ್ಯೆಗಳಲ್ಲಿ ಸೂಚಿಸುವ ಪದ್ಧತಿ) ಎಂಬಲ್ಲಿ ಇಪಿಎಸ್‌ಜಿ 4326 ಇರಬೇಕು. ಡಿಗ್ರಿಗಳಲ್ಲಿ ಬರೆದ ಸಾಮಾನ್ಯ ಅಕ್ಷಾಂಶ ರೇಖಾಂಶಗಳ ಸಂಕೇತಸಂಖ್ಯೆ ಅದು. ಹಿನ್ನೆಲೆ ನಕ್ಷೆಯದು 3857. ಎರಡೂ ಬೇರೆಯಾದರೂ ಕ್ಯೂಜಿಐಎಸ್ ತಾನೇ ಹೊಂದಿಸಿಕೊಳ್ಳುತ್ತದೆ, ಆದರೆ ನಿಮ್ಮ ಕಡತ ಯಾವುದರಲ್ಲಿದೆ ಎಂದು ನೀವೇ ಹೇಳಬೇಕು.

ಚುಕ್ಕೆಗಳು ಬಂದ ಮೇಲೆ ಪದರದ ಮೇಲೆ ಬಲಕ್ಲಿಕ್ ಮಾಡಿ, ಎಕ್ಸ್‌ಪೋರ್ಟ್ ಮೂಲಕ ಜಿಯೋಪ್ಯಾಕೇಜ್ ರೂಪದಲ್ಲಿ ಉಳಿಸಿ. ಸಿಎಸ್‌ವಿ ಪದರದಲ್ಲಿ ಕಾಲಂ ತಿದ್ದಲು ಆಗುವುದಿಲ್ಲ, ಜಿಯೋಪ್ಯಾಕೇಜ್‌ನಲ್ಲಿ ಆಗುತ್ತದೆ. ಇನ್ನು ಮುಂದಿನ ಕೆಲಸವೆಲ್ಲ ಅದರ ಮೇಲೆಯೇ.

ಎರಡನೆಯ ಹೆಜ್ಜೆ: ಕಸ ತೆಗೆಯುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ನಾಸಾ ಪ್ರತಿಯನ್ನು ಹಾಗೆಯೇ ನಕ್ಷೆಗೆ ಹಾಕಿದರೆ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿ ಒಂದು ಚುಕ್ಕೆ ಕಾಣುತ್ತದೆ. ಅದನ್ನು ಒತ್ತಿ ನೋಡಿ. ಅದು ಒಂದು ಚುಕ್ಕೆಯಲ್ಲ, ಆರು ಸಾವಿರಕ್ಕೂ ಹೆಚ್ಚು ಉಲ್ಕಾಶಿಲೆಗಳು ಒಂದರ ಮೇಲೊಂದು ಕುಳಿತಿವೆ. ಸ್ಥಳ ಗೊತ್ತಿಲ್ಲದ ಕಲ್ಲುಗಳಿಗೆ ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ ಎಂದು ತುಂಬಿದ್ದರ ಫಲ ಅದು. ಇನ್ನೂ ಏಳು ಸಾವಿರಕ್ಕೂ ಹೆಚ್ಚು ಸಾಲುಗಳಲ್ಲಿ ಆ ಕಾಲಂಗಳು ಖಾಲಿಯಾಗಿಯೇ ಇವೆ.

ಇವುಗಳಲ್ಲಿ ಹಲವು ವಾಯವ್ಯ ಆಫ್ರಿಕಾ ಎಂಬ ಹೆಸರಿನ ಮುಂದೆ ಸಂಖ್ಯೆ ಹೊತ್ತ ಕಲ್ಲುಗಳು. ಸಹಾರಾದಲ್ಲಿ ಆಯ್ದು ಮೊರಾಕ್ಕೊದ ಮಾರುಕಟ್ಟೆಗಳಲ್ಲಿ ಕೈಯಿಂದ ಕೈಗೆ ದಾಟಿ ಬರುವಾಗ ಅವು ಸಿಕ್ಕ ಜಾಗದ ನೆನಪು ಕಳೆದುಹೋಗಿರುತ್ತದೆ. ಅವುಗಳ ವಿಜ್ಞಾನದ ಬೆಲೆ ಕಡಿಮೆಯೇನಲ್ಲ. ಚಂದ್ರ ಮತ್ತು ಮಂಗಳದ ಎಷ್ಟೋ ಮಾದರಿಗಳು ಹಾಗೆ ಬಂದವೇ. ಆದರೆ ನಕ್ಷೆಯ ಮೇಲೆ ಅವಕ್ಕೆ ಜಾಗವಿಲ್ಲ. ಅಂದಾಜಿನಿಂದ ಸಹಾರಾದ ನಡುವೆ ಎಲ್ಲೋ ಒಂದು ಕಡೆ ಇಡುವ ಆಸೆಯನ್ನು ಬಿಡಿ. ಅವನ್ನು ಅಳಿಸದೆ ಬೇರೆ ಕೋಷ್ಟಕದಲ್ಲಿ ಇಟ್ಟು, ನಕ್ಷೆಯ ಮೂಲೆಯಲ್ಲಿ ‘ಸ್ಥಳ ತಿಳಿಯದವು ಇಷ್ಟು’ ಎಂದು ಬರೆಯುವುದು ಸರಿಯಾದ ದಾರಿ.

ಸೋಸಲು ಪದರದ ಮೇಲೆ ಬಲಕ್ಲಿಕ್ ಮಾಡಿ ಫಿಲ್ಟರ್ ತೆರೆಯಿರಿ. ಅಕ್ಷಾಂಶ ಖಾಲಿ ಇರಬಾರದು, ಅಕ್ಷಾಂಶ ರೇಖಾಂಶ ಎರಡೂ ಒಟ್ಟಿಗೆ ಸೊನ್ನೆಯಾಗಿರಬಾರದು ಎಂಬ ಷರತ್ತು ಬರೆಯಿರಿ. ‘ಎರಡೂ ಒಟ್ಟಿಗೆ’ ಎಂಬುದನ್ನು ಬಿಡಬೇಡಿ. ಭೂಮಧ್ಯರೇಖೆಯ ಮೇಲೆ ಅಥವಾ ಗ್ರೀನ್‌ವಿಚ್ ರೇಖೆಯ ಮೇಲೆ ಬಿದ್ದ ನಿಜವಾದ ಕಲ್ಲುಗಳಿಗೆ ಒಂದು ಬೆಲೆ ಸೊನ್ನೆಯೇ ಇರಬಹುದು.

ಇನ್ನೂ ಕೆಲವು ಸಾಲುಗಳನ್ನು ಕೈಯಿಂದಲೇ ಹುಡುಕಿ ತೆಗೆಯಬೇಕು. ರೇಖಾಂಶ 180 ದಾಟಿರುವ ಸಾಲು ಹುಡುಕಿದರೆ ಮೆರಿಡಿಯಾನಿ ಪ್ಲೇನಮ್ ಸಿಗುತ್ತದೆ, ರೇಖಾಂಶ 354 ಚಿಲ್ಲರೆ. ಅದು ಭೂಮಿಯ ಮೇಲಿನ ಜಾಗವೇ ಅಲ್ಲ. 2005ರಲ್ಲಿ ಆಪರ್ಚುನಿಟಿ ರೋವರ್ ಮಂಗಳದ ನೆಲದ ಮೇಲೆ ಕಂಡ ಕಬ್ಬಿಣದ ಉಲ್ಕಾಶಿಲೆ ಅದು. ಅಪೊಲೊ ಯಾತ್ರಿಗಳು ಚಂದ್ರನಿಂದ ತಂದ ಮಣ್ಣಿನಲ್ಲಿ ಸಿಕ್ಕ ಬೆಂಚ್ ಕ್ರೇಟರ್, ಹ್ಯಾಡ್ಲಿ ರಿಲ್ ಕೂಡ ಪಟ್ಟಿಯಲ್ಲಿವೆ. ವರ್ಷದ ಕಾಲಮಿನಲ್ಲಿ 2101 ಎಂದಿರುವ ಒಂದು ಸಾಲಿದೆ, ಅದು ಬೆರಳಚ್ಚಿನ ದೋಷ. ಆದರೆ 861ರ ಆಸುಪಾಸಿನ ವರ್ಷ ಕಂಡರೆ ಗಾಬರಿಯಾಗಿ ಅಳಿಸಬೇಡಿ. ಅದು ಜಪಾನಿನ ನೋಗಾತಾ, ಬೀಳುವುದನ್ನು ಕಂಡು ಇಂದಿಗೂ ಕಾಪಾಡಿಕೊಂಡು ಬಂದಿರುವ ಕಲ್ಲುಗಳಲ್ಲಿ ಅತಿ ಹಳೆಯದೆಂದು ಹೆಸರಾದದ್ದು. ವಿಚಿತ್ರವಾಗಿ ಕಂಡದ್ದೆಲ್ಲ ತಪ್ಪಲ್ಲ, ಆದ್ದರಿಂದ ಪ್ರತಿ ಸಾಲನ್ನೂ ಬುಲೆಟಿನ್ ಜೊತೆ ತಾಳೆ ನೋಡಿಯೇ ತೀರ್ಮಾನಿಸಬೇಕು.

ಮೂರನೆಯ ಹೆಜ್ಜೆ: ನಿಖರತೆಯ ಕಾಲಂ

ಸಾಮಾನ್ಯವಾಗಿ ಯಾರೂ ಮಾಡದ, ಆದರೆ ನನ್ನ ದೃಷ್ಟಿಯಲ್ಲಿ ಅತ್ಯಗತ್ಯವಾದ ಕೆಲಸ ಇದು.

ಮದ್ದೂರಿನ ಸಾಲನ್ನೇ ನೋಡಿ. ಅಕ್ಷಾಂಶ 12.63333, ರೇಖಾಂಶ 77.01667. ದಶಾಂಶದ ಮುಂದೆ ಐದು ಅಂಕಿಗಳಿರುವುದರಿಂದ ಒಂದು ಮೀಟರಿನಷ್ಟು ಕರಾರುವಾಕ್ಕಾಗಿ ಅಳೆದದ್ದು ಎಂಬ ಭಾವನೆ ಬರುತ್ತದೆ. 0.63333 ಅನ್ನು 60ರಿಂದ ಗುಣಿಸಿ, 38 ಬರುತ್ತದೆ. 0.01667 ಅನ್ನು ಗುಣಿಸಿದರೆ 1. ಅಂದರೆ ಮೂಲದಲ್ಲಿ ಬರೆದಿದ್ದದ್ದು 12 ಡಿಗ್ರಿ 38 ನಿಮಿಷ, 77 ಡಿಗ್ರಿ 1 ನಿಮಿಷ ಎಂದಷ್ಟೇ. ಅದನ್ನು ಮುಂದೆ ದಶಾಂಶಕ್ಕೆ ತಿರುಗಿಸಿದಾಗ ಇಲ್ಲದ ನಿಖರತೆ ಅಂಟಿಕೊಂಡಿತು. ಅಕ್ಷಾಂಶದ ಒಂದು ನಿಮಿಷವೆಂದರೆ ನೆಲದ ಮೇಲೆ ಸುಮಾರು 1.85 ಕಿಲೋಮೀಟರ್. ಹಾಗಾಗಿ ಈ ಚುಕ್ಕೆ ತನ್ನ ಸುತ್ತ ಏನಿಲ್ಲೆಂದರೂ ಒಂದು ಕಿಲೋಮೀಟರ್ ಅನಿಶ್ಚಿತ. ಈಗಿನ ಮದ್ದೂರು ಪಟ್ಟಣದಿಂದ ಅದು ಸುಮಾರು ಆರು ಕಿಲೋಮೀಟರ್ ವಾಯವ್ಯಕ್ಕಿದೆ. 1866ರ ಏಪ್ರಿಲ್‌ನಲ್ಲಿ ಬಿದ್ದ ಎಚ್5 ವರ್ಗದ ಉಡುಪಿಯ ಕಲ್ಲಿನದೂ ಇದೇ ಕತೆ: 13.48333, 74.78333, ಅಂದರೆ 13 ಡಿಗ್ರಿ 29 ನಿಮಿಷ, 74 ಡಿಗ್ರಿ 47 ನಿಮಿಷ. ಉಡುಪಿ ನಗರದಿಂದ ಉತ್ತರಕ್ಕೆ ಹದಿನೈದು ಕಿಲೋಮೀಟರಿಗೂ ಆಚೆ. ಹೆಸರು ಹತ್ತಿರದ ದೊಡ್ಡ ಊರಿನದು, ಚುಕ್ಕೆ ಬೇರೆಡೆಯದು.

ಈ ಪರೀಕ್ಷೆಯನ್ನು ಕ್ಯೂಜಿಐಎಸ್ ಎಲ್ಲ ಸಾಲುಗಳಿಗೂ ಒಟ್ಟಿಗೆ ಮಾಡಬಲ್ಲದು. ಫೀಲ್ಡ್ ಕ್ಯಾಲ್ಕುಲೇಟರ್ ತೆರೆದು ‘ನಿಖರತೆ’ ಎಂಬ ಹೊಸ ಕಾಲಂ ಮಾಡಿ, ಬೆಲೆ ಮೀಟರುಗಳಲ್ಲಿ ಇರಲಿ, ಅಂದರೆ ನಿಜವಾದ ಜಾಗ ಚುಕ್ಕೆಯಿಂದ ಎಷ್ಟು ಮೀಟರ್ ಆಚೀಚೆ ಇರಬಹುದು ಎಂಬುದು. ಷರತ್ತುಗಳನ್ನು ಈ ಕ್ರಮದಲ್ಲೇ ಬರೆಯಬೇಕು. ಅಕ್ಷಾಂಶ ರೇಖಾಂಶ ಎರಡೂ ಪೂರ್ಣಾಂಕಗಳಾಗಿದ್ದರೆ, ಅಂದರೆ ಬರೀ ಡಿಗ್ರಿಯಿದ್ದರೆ, 60,000 ಎಂದು ತುಂಬಿ. ಹಾಗಿಲ್ಲದೆ, ಎರಡನ್ನೂ 60ರಿಂದ ಗುಣಿಸಿದಾಗ ಬರುವ ಸಂಖ್ಯೆ ಹತ್ತಿರದ ಪೂರ್ಣಾಂಕದಿಂದ 0.001ಕ್ಕಿಂತ ಕಡಿಮೆ ದೂರದಲ್ಲಿದ್ದರೆ 1,000. ಅದೂ ಅಲ್ಲದೆ 3,600ರಿಂದ ಗುಣಿಸಿದಾಗ 0.02ರೊಳಗೆ ಬಂದರೆ ಸೆಕೆಂಡಿನವರೆಗೆ ಅಳೆದದ್ದು, 30 ಸಾಕು. ಉಳಿದವು ಬಹುಪಾಲು ಜಿಪಿಎಸ್ ಅಳತೆಗಳು, 10 ಎಂದಿಡಿ. ಕ್ರಮ ತಿರುಗಿದರೆ ಬರೀ ಡಿಗ್ರಿಯಿರುವ ಸಾಲುಗಳು ನಿಮಿಷದ ಪರೀಕ್ಷೆಯಲ್ಲೂ ಪಾಸಾಗಿ ಬಿಡುತ್ತವೆ.

ಈ ವಿಧಾನ ಊಹೆಯೇ. ದಶಾಂಶದಲ್ಲೇ ಅಳೆದ ಕಲ್ಲೊಂದು ಆಕಸ್ಮಿಕವಾಗಿ ಪೂರ್ಣ ನಿಮಿಷಕ್ಕೆ ಕೂಡಿಬರಬಹುದು. 19ನೆಯ ಶತಮಾನದ ದಾಖಲೆಗಳಲ್ಲಿ ನಿಜವಾದ ದೋಷ ಒಂದು ಕಿಲೋಮೀಟರಿಗಿಂತ ಬಹಳ ಹೆಚ್ಚೂ ಇರಬಹುದು. ಹಾಗಿದ್ದರೂ ಏನೂ ಹೇಳದ ಚುಕ್ಕೆಗಿಂತ ತನ್ನ ಮಿತಿಯನ್ನು ಹೇಳಿಕೊಳ್ಳುವ ಚುಕ್ಕೆ ಮೇಲು.

ಇದನ್ನು ತೋರಿಸಲು ಸುಲಭದ ಉಪಾಯವಿದೆ. ಪದರದ ಸಿಂಬಾಲಜಿಯಲ್ಲಿ (ಚುಕ್ಕೆಗಳ ಆಕಾರ, ಬಣ್ಣ ಆರಿಸುವ ಜಾಗ) ಒಳಗೆ ಬಣ್ಣವಿಲ್ಲದ ಒಂದು ಉಂಗುರವನ್ನು ಸೇರಿಸಿ. ಅದರ ಗಾತ್ರದ ಏಕಮಾನವನ್ನು ಮೀಟರ್ಸ್ ಅಟ್ ಸ್ಕೇಲ್ ಎಂದು ಬದಲಿಸಿ, ಗಾತ್ರವನ್ನು ನಿಖರತೆಯ ಕಾಲಮಿನ ಎರಡರಷ್ಟಕ್ಕೆ ಕಟ್ಟಿಹಾಕಿ. ನಕ್ಷೆಯನ್ನು ಹತ್ತಿರಕ್ಕೆ ತಂದಂತೆ ಉಂಗುರ ನೆಲದ ಮೇಲಿನ ನಿಜವಾದ ಅಳತೆಯಲ್ಲೇ ಹಿಗ್ಗುತ್ತದೆ. ಮದ್ದೂರಿನ ಸುತ್ತ ಎಷ್ಟು ಹಳ್ಳಿಗಳು ಆ ಉಂಗುರದೊಳಗೆ ಬರುತ್ತವೆ ಎಂದು ಆಗ ಕಣ್ಣಿಗೇ ಕಾಣುತ್ತದೆ.

ನಾಲ್ಕನೆಯ ಹೆಜ್ಜೆ: ಕಂಡದ್ದು ಬೇರೆ, ಸಿಕ್ಕಿದ್ದು ಬೇರೆ

ಸಿಂಬಾಲಜಿಯಲ್ಲಿ ಕೆಟಗರೈಸ್ಡ್ ಆರಿಸಿ, ಬೀಳುವಿಕೆಯ ಕಾಲಮಿನ ಪ್ರಕಾರ ಎರಡು ಬಣ್ಣ ಕೊಡಿ. ನಾಸಾ ಪ್ರತಿಯಲ್ಲಿ ಬೀಳುವುದನ್ನು ಕಂಡ ಕಲ್ಲುಗಳು ಸಾವಿರದ ನೂರರ ಆಸುಪಾಸು, ಉಳಿದವೆಲ್ಲ ಆಮೇಲೆ ಸಿಕ್ಕಿದ್ದವು. ಇವೆರಡನ್ನು ಒಂದೇ ಬಣ್ಣದಲ್ಲಿ ತೋರಿಸಿದ ನಕ್ಷೆ ನೋಡುಗರಿಗೆ ಸುಳ್ಳು ಹೇಳುತ್ತದೆ.

ಉಲ್ಕಾಶಿಲೆಗಳು ಭೂಮಿಯ ಎಲ್ಲ ಕಡೆಗೂ ಬೀಳುತ್ತವೆ. ಆದರೆ ಬೀಳುವುದನ್ನು ನೋಡಲು ಜನ ಬೇಕು, ನೋಡಿದ್ದನ್ನು ಬರೆದಿಡುವವರು ಬೇಕು. ಗಂಗಾ ಬಯಲಿನಲ್ಲಿ ಕಂಡ ಕಲ್ಲುಗಳು ಒತ್ತಾಗಿರುವುದಕ್ಕೆ ಕಾರಣ ಆಕಾಶದಲ್ಲಿಲ್ಲ, ನೆಲದ ಮೇಲಿನ ಜನಸಂಖ್ಯೆಯಲ್ಲಿದೆ. ಅದೇ ಭಾರತದಲ್ಲಿ ಆಮೇಲೆ ಸಿಕ್ಕ ಕಲ್ಲುಗಳು ತೀರಾ ಕಡಿಮೆ. ನಮ್ಮ ಮಳೆ, ಬಿಸಿಲು, ಉಳುಮೆ ಇವುಗಳ ನಡುವೆ ಕಬ್ಬಿಣವುಳ್ಳ ಕಲ್ಲು ತುಕ್ಕು ಹಿಡಿದು ಮಣ್ಣಾಗುತ್ತದೆ. ಸಹಾರಾ, ಒಮಾನ್, ಆಸ್ಟ್ರೇಲಿಯಾದ ನಲ್ಲಾರ್ಬರ್‌ನಂಥ ಒಣ ನೆಲದಲ್ಲಿ ಅದು ಸಾವಿರಾರು ವರ್ಷ ಉಳಿಯುತ್ತದೆ, ಕಪ್ಪು ಕಲ್ಲು ತಿಳಿ ನೆಲದ ಮೇಲೆ ದೂರದಿಂದಲೇ ಎದ್ದು ಕಾಣುತ್ತದೆ.

ಅಂಟಾರ್ಕ್ಟಿಕಾದ ಸಂಗತಿ ಇನ್ನೂ ಸ್ವಾರಸ್ಯಕರ. 1969ರಲ್ಲಿ ಜಪಾನಿನ ತಂಡವೊಂದಕ್ಕೆ ಯಮಾಟೊ ಪರ್ವತಗಳ ಬಳಿ ಒಂದೇ ಕಡೆ ಒಂಬತ್ತು ಉಲ್ಕಾಶಿಲೆಗಳು ಸಿಕ್ಕವು. ಪರೀಕ್ಷಿಸಿದಾಗ ಅವು ಬೇರೆ ಬೇರೆ ಬಗೆಯವೆಂದು ತಿಳಿಯಿತು, ಅಂದರೆ ಒಂದೇ ಕಲ್ಲು ಒಡೆದು ಬಿದ್ದದ್ದಲ್ಲ. ಹರಿಯುವ ಹಿಮ ತನ್ನೊಳಗೆ ಹೂತ ಕಲ್ಲುಗಳನ್ನು ಹೊತ್ತು ತಂದು ಪರ್ವತಕ್ಕೆ ತಾಗಿ ನಿಲ್ಲುತ್ತದೆ, ಗಾಳಿ ಮೇಲಿನ ಹಿಮವನ್ನು ತೇಯುತ್ತದೆ, ಕಲ್ಲುಗಳು ಮೇಲೆ ಉಳಿಯುತ್ತವೆ. 1976ರಿಂದ ಅಮೆರಿಕದ ತಂಡಗಳೂ ಅಲ್ಲಿ ಹುಡುಕುತ್ತಿವೆ. ನಾಸಾ ಪ್ರತಿಯಲ್ಲಿ ದಕ್ಷಿಣ ಅಕ್ಷಾಂಶ 71.5, ಪೂರ್ವ ರೇಖಾಂಶ 35.66667 ಎಂಬ ಒಂದೇ ಬಿಂದುವಿನ ಮೇಲೆ ನಾಲ್ಕು ಸಾವಿರಕ್ಕೂ ಹೆಚ್ಚು ಕಲ್ಲುಗಳಿವೆ. ಹುಡುಕಿದ ಇಡೀ ಪ್ರದೇಶಕ್ಕೆ ಒಂದೇ ಅಕ್ಷಾಂಶ ರೇಖಾಂಶ ಕೊಟ್ಟಿದ್ದಾರೆ. ಇಂಥ ಕಡೆ ಪಾಯಿಂಟ್ ಕ್ಲಸ್ಟರ್ ಎಂಬ ಸಿಂಬಾಲಜಿ ಬಳಸಿ. ಒಂದರ ಮೇಲೊಂದು ಕುಳಿತ ಚುಕ್ಕೆಗಳು ಒಂದೇ ವೃತ್ತವಾಗಿ, ಒಳಗೆ ಎಷ್ಟಿವೆಯೆಂಬ ಸಂಖ್ಯೆಯ ಸಮೇತ ಕಾಣುತ್ತವೆ.

ಸಿಕ್ಕಿದ ಕಲ್ಲುಗಳಿಗೆ ಹೀಟ್‌ಮ್ಯಾಪ್ (ಚುಕ್ಕೆಗಳ ಒತ್ತನ್ನು ಬಣ್ಣದಲ್ಲಿ ತೋರಿಸುವ ನಕ್ಷೆ) ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ನೋಡಲು ಬಲು ಚೆನ್ನ, ಆದರೆ ಅದು ತೋರಿಸುವುದು ತಂಡಗಳು ಎಲ್ಲೆಲ್ಲಿಗೆ ಹೋದವು ಎಂಬುದನ್ನು. ಕಂಡ ಕಲ್ಲುಗಳಿಗೆ ಮಾಡುವುದಾದರೆ ಪಕ್ಕದಲ್ಲೇ ಜನಸಾಂದ್ರತೆಯ ನಕ್ಷೆಯನ್ನೂ ಇಡಿ.

ಐದನೆಯ ಹೆಜ್ಜೆ: ತೂಕ, ಪ್ರಕ್ಷೇಪ, ಕನ್ನಡದ ಹೆಸರು

ತೂಕಕ್ಕೆ ತಕ್ಕಂತೆ ಚುಕ್ಕೆಯ ಗಾತ್ರ ಬದಲಾಗಲಿ ಎಂಬುದು ಎಲ್ಲರ ಆಸೆ. ಲೆಕ್ಕ ಹಾಕಿ ನೋಡಿ. ಮದ್ದೂರಿನ ಕಲ್ಲು 4.4 ಕಿಲೋಗ್ರಾಂ. ನಮೀಬಿಯಾದ ಹೋಬಾ ಸುಮಾರು 60 ಟನ್. ವೃತ್ತದ ವಿಸ್ತೀರ್ಣ ತೂಕಕ್ಕೆ ತಕ್ಕಂತಿರಬೇಕು ಎಂದರೆ, ಮದ್ದೂರಿಗೆ ಒಂದು ಮಿಲಿಮೀಟರ್ ವ್ಯಾಸ ಕೊಟ್ಟಾಗ ಹೋಬಾಕ್ಕೆ ಹನ್ನೊಂದು ಸೆಂಟಿಮೀಟರಿಗೂ ಹೆಚ್ಚು ಬೇಕಾಗುತ್ತದೆ. ಆಫ್ರಿಕಾ ಮುಚ್ಚಿಹೋಗುತ್ತದೆ. ಗ್ರಾಂಗಳಲ್ಲಿರುವ ತೂಕಕ್ಕೆ ಹತ್ತರ ಆಧಾರದ ಲಾಗರಿದಮ್ ತೆಗೆದರೆ ಮದ್ದೂರು 3.64, ಹೋಬಾ 7.78. ಈ ಸಂಖ್ಯೆಯನ್ನೇ ಗಾತ್ರಕ್ಕೆ ಬಳಸಿ, ಆದರೆ ಲಾಗರಿದಮ್ ಅಳತೆ ಬಳಸಿದ್ದೀರಿ ಎಂಬುದನ್ನು ನಕ್ಷೆಯ ಸೂಚಿಯಲ್ಲಿ (ಲೆಜೆಂಡ್) ತೋರಿಸಿ: ಹತ್ತು ಗ್ರಾಂ, ಒಂದು ಕಿಲೋ, ನೂರು ಕಿಲೋ, ಹತ್ತು ಟನ್‌ಗೆ ಒಂದೊಂದು ಮಾದರಿ ವೃತ್ತ. ತೂಕ ದಾಖಲಾಗದ ಕಲ್ಲುಗಳೂ ಇವೆ. ಅವಕ್ಕೆ ಅತಿ ಚಿಕ್ಕ ವೃತ್ತ ಕೊಟ್ಟರೆ ಹಗುರವೆಂದಾಗುತ್ತದೆ, ಹಾಗಾಗಿ ಚೌಕವೋ ತ್ರಿಕೋನವೋ ಇರಲಿ.

ಪ್ರಕ್ಷೇಪದ, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಬಗೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಇಡೀ ಜಗತ್ತಿನ ಮೇಲೆ ಹಂಚಿಕೆ ತೋರಿಸುವಾಗ ಈಕ್ವಲ್ ಅರ್ಥ್, ಇಪಿಎಸ್‌ಜಿ 8857. ಭಾರತಕ್ಕೆ 7755. ಕರ್ನಾಟಕದ ಬಹುಪಾಲಿನಲ್ಲಿ ದೂರ ಅಳೆಯುವ ಕೆಲಸವಿದ್ದರೆ ಯುಟಿಎಂ 43 ಉತ್ತರ ವಲಯ, 32643. ಅಂಟಾರ್ಕ್ಟಿಕಾಕ್ಕೆ 3031. ಹಿನ್ನೆಲೆಯ ಓಪನ್‌ಸ್ಟ್ರೀಟ್‌ಮ್ಯಾಪ್ ಸುಮಾರು 85 ಡಿಗ್ರಿ ಅಕ್ಷಾಂಶಕ್ಕೆ ಕಡಿದುಹೋಗುತ್ತದೆ, ಅದಕ್ಕೂ ಮೊದಲೇ ಹಿಮಖಂಡವನ್ನು ವಿಪರೀತ ಎಳೆದುಬಿಟ್ಟಿರುತ್ತದೆ. ಭಾರತದ ಗಡಿಯಿರುವ ನಕ್ಷೆಯನ್ನು ಪ್ರಕಟಿಸುವುದಾದರೆ ಸರ್ವೇ ಆಫ್ ಇಂಡಿಯಾದ ಗಡಿರೇಖೆಯನ್ನೇ ಬಳಸಿ. ವಿದೇಶಿ ಮೂಲದ ಉಚಿತ ಕಡತಗಳಲ್ಲಿ ಕಾಶ್ಮೀರದ ಗಡಿ ಬೇರೆಯಾಗಿರುತ್ತದೆ.

ಹೆಸರುಗಳ ವಿಷಯದಲ್ಲಿ ಎರಡು ಕಾಲಂ ಇಟ್ಟುಕೊಳ್ಳಿ. ಅಧಿಕೃತ ಹೆಸರು ಬ್ರಿಟಿಷರ ಕಾಲದ ಕಾಗುಣಿತದಲ್ಲೇ ಉಳಿದಿರುತ್ತದೆ: ಮದ್ದೂರು ‘ಮುಡ್ಡೂರ್’ ಆಗಿದೆ, ಶೇರ್‌ಘಾಟಿ ‘ಶೆರ್ಗೊಟಿ’. ಅದನ್ನು ತಿದ್ದಬಾರದು, ತಿದ್ದಿದರೆ ಬೇರೆ ಯಾವ ಪಟ್ಟಿಯೊಂದಿಗೂ ತಾಳೆಯಾಗುವುದಿಲ್ಲ. ಪಕ್ಕದ ಕಾಲಮಿನಲ್ಲಿ ಕನ್ನಡದ ಹೆಸರು ಬರೆದು, ಲೇಬಲ್ ಆಗಿ ಅದನ್ನು ಆರಿಸಿ, ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಕೊಡಿ. ಒತ್ತಕ್ಷರಗಳು ಸರಿಯಾಗಿಯೇ ಬರುತ್ತವೆ. ಎಕ್ಸೆಲ್‌ನಲ್ಲಿ ತುಂಬಿ ಬರೀ ಸಿಎಸ್‌ವಿ ಎಂದು ಉಳಿಸಿದರೆ ಮಾತ್ರ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳಾಗಬಹುದು. ಸಿಎಸ್‌ವಿ ಯುಟಿಎಫ್-8 ಎಂಬ ಆಯ್ಕೆಯನ್ನೇ ಒತ್ತಿ, ಇಲ್ಲವೇ ಲಿಬ್ರೆ ಆಫೀಸ್ ಬಳಸಿ.

ಆರನೆಯ ಹೆಜ್ಜೆ: ಸಂಗ್ರಹಗಳನ್ನು ಜೋಡಿಸುವುದು

ಬಿದ್ದ ಕಲ್ಲು ಬಿದ್ದಲ್ಲೇ ಉಳಿಯುವುದಿಲ್ಲ. ಶೇರ್‌ಘಾಟಿಯ ಕಲ್ಲಿನ ಮುಖ್ಯ ಭಾಗ ಕೋಲ್ಕತ್ತದಲ್ಲಿದೆ. ಅದರೊಳಗಿನ ಗಾಜಿನಂಥ ವಸ್ತುವನ್ನು 1872ರಲ್ಲಿ ವಿಯೆನ್ನಾದ ಗುಸ್ತಾವ್ ಚೆರ್ಮಾಕ್ ವಿವರಿಸಿ, ಬ್ರಿಟಿಷ್ ಮ್ಯೂಸಿಯಮ್ಮಿನ ಮ್ಯಾಸ್ಕೆಲಿನ್ ಅವರ ಹೆಸರಿನಲ್ಲಿ ಮ್ಯಾಸ್ಕೆಲಿನೈಟ್ ಎಂದು ಕರೆದರು. ಬಿಹಾರದ ಒಂದು ಊರು, ಕೋಲ್ಕತ್ತ, ವಿಯೆನ್ನಾ, ಲಂಡನ್ ಹೀಗೆ ಒಂದೇ ಕಲ್ಲಿನ ಕತೆಯಲ್ಲಿ ಸೇರುತ್ತವೆ. ಈ ಸಂಬಂಧ ನಕ್ಷೆಯಲ್ಲಿ ಕಾಣಬೇಕು.

ಅದಕ್ಕೆ ಮೂರು ಕೋಷ್ಟಕ ಬೇಕು. ಮೊದಲನೆಯದು ಈಗಾಗಲೇ ಇರುವ ಉಲ್ಕಾಶಿಲೆಗಳ ಪದರ. ಎರಡನೆಯದು ಸಂಸ್ಥೆಗಳದು: ಒಂದು ಚಿಕ್ಕ ಸಂಕೇತ, ಹೆಸರು, ಊರು, ಅಕ್ಷಾಂಶ, ರೇಖಾಂಶ. ಮೂರನೆಯದು ತುಣುಕುಗಳದು. ಒಂದು ಸಾಲಿಗೆ ಒಂದು ತುಣುಕು: ಉಲ್ಕಾಶಿಲೆಯ ಗುರುತಿನ ಸಂಖ್ಯೆ, ಸಂಸ್ಥೆಯ ಸಂಕೇತ, ತೂಕ, ಕೆಟಲಾಗ್ ಸಂಖ್ಯೆ, ಮುಖ್ಯ ಭಾಗವೋ ಕತ್ತರಿಸಿದ ಹೋಳೋ ಸೂಕ್ಷ್ಮದರ್ಶಕಕ್ಕೆ ತೇಯ್ದ ತೆಳುಪದರವೋ ಎಂಬ ವಿವರ, ಈ ಮಾಹಿತಿ ಯಾವ ಕೆಟಲಾಗಿನಿಂದ ಯಾವ ವರ್ಷದ್ದು ಎಂಬ ಟಿಪ್ಪಣಿ. ನಿಮ್ಮ ಸ್ವಂತ ಸಂಗ್ರಹವಿದ್ದರೆ ಅದನ್ನೂ ಒಂದು ಸಂಸ್ಥೆಯಂತೆಯೇ ದಾಖಲಿಸಿ, ಆದರೆ ಮನೆಯ ಅಕ್ಷಾಂಶದ ಬದಲು ಊರಿನದನ್ನು ಹಾಕಿ.

ಉಲ್ಕಾಶಿಲೆಗೂ ತುಣುಕಿಗೂ ಹೆಸರಿನ ಮೇಲೆ ಗಂಟು ಹಾಕಬೇಡಿ, ಗುರುತಿನ ಸಂಖ್ಯೆಯ ಮೇಲೆ ಹಾಕಿ. ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ ಜಾಯಿನ್ ಆಟ್ರಿಬ್ಯೂಟ್ಸ್ ಬೈ ಫೀಲ್ಡ್ ವ್ಯಾಲ್ಯೂ ತೆರೆದು, ಹೊಂದುವ ಪ್ರತಿ ಸಾಲಿಗೂ ಬೇರೆ ಚುಕ್ಕೆ ಮಾಡುವ ಆಯ್ಕೆ ಒತ್ತಿ. ಇಲ್ಲದಿದ್ದರೆ ಐದು ಕಡೆ ಹಂಚಿಹೋದ ಕಲ್ಲಿಗೆ ಮೊದಲ ಒಂದು ಸಂಸ್ಥೆ ಮಾತ್ರ ಅಂಟಿಕೊಳ್ಳುತ್ತದೆ. ಆಮೇಲೆ ಜಾಯಿನ್ ಬೈ ಲೈನ್ಸ್ ಎಂಬ ಉಪಕರಣ. ಅದರಲ್ಲಿ ಹಬ್ ಆಗಿ ಸಂಸ್ಥೆಗಳ ಪದರ, ಸ್ಪೋಕ್ ಆಗಿ ಈಗ ಮಾಡಿದ ಪದರ, ಎರಡರಲ್ಲೂ ಸಂಸ್ಥೆಯ ಸಂಕೇತದ ಕಾಲಂ. ಜಿಯೋಡೆಸಿಕ್ ಗೆರೆಗಳ ಆಯ್ಕೆಯನ್ನು ಒತ್ತಿದರೆ ಭೂಮಿಯ ಉಬ್ಬಿಗೆ ತಕ್ಕಂತೆ ಬಾಗಿದ ಗೆರೆಗಳು ಬರುತ್ತವೆ. ಗೆರೆಯ ದಪ್ಪವನ್ನು ತುಣುಕಿನ ತೂಕಕ್ಕೆ ಕಟ್ಟಬಹುದು. ಈ ಗೆರೆಗಳು ಕಲ್ಲು ಸಾಗಿದ ದಾರಿಯಲ್ಲ, ಎರಡು ತುದಿಗಳ ಸಂಬಂಧ ಮಾತ್ರ. ಅದನ್ನೂ ಸೂಚಿಯಲ್ಲಿ ಬರೆಯಿರಿ.

ಭಾರತದಲ್ಲಿ ಬಿದ್ದ ಉಲ್ಕಾಶಿಲೆಗಳ ಅಧಿಕೃತ ಪಾಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅದರ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. 1947ಕ್ಕೆ ಮೊದಲಿನ ಮತ್ತು ಆಮೇಲಿನ ಕಲ್ಲುಗಳಿಗೆ ಬೇರೆ ಬೇರೆ ಬಣ್ಣದ ಗೆರೆ ಕೊಟ್ಟು ನೋಡಿ. ವಸಾಹತು ಕಾಲದಲ್ಲಿ ಎಷ್ಟು ತುಣುಕುಗಳು ಯೂರೋಪಿಗೆ ಹೋದವು ಎಂಬುದನ್ನು ಪುಟಗಟ್ಟಲೆ ಬರೆದು ಹೇಳುವುದಕ್ಕಿಂತ ಆ ಒಂದು ನಕ್ಷೆ ಚೆನ್ನಾಗಿ ಹೇಳುತ್ತದೆ.

ಏಳನೆಯ ಹೆಜ್ಜೆ: ಒಂದೇ ಬೀಳುವಿಕೆಯ ಹತ್ತಿರದ ನಕ್ಷೆ

2008ರ ಸೆಪ್ಟೆಂಬರ್ 12ರ ಬೆಳಿಗ್ಗೆ ಹೊಸೂರು–ಕೃಷ್ಣಗಿರಿ ದಾರಿಯ ಶೂಲಗಿರಿಯ ಬಳಿ ಎಲ್‌ಎಲ್6 ವರ್ಗದ ಕಲ್ಲುಗಳು ಬಿದ್ದವು, ಒಟ್ಟು ತೂಕ ಸುಮಾರು 110 ಕಿಲೋಗ್ರಾಂ. ಹೀಗೆ ಒಡೆದು ಬಿದ್ದಾಗ ಪ್ರತಿ ತುಣುಕಿಗೂ ಬೇರೆ ಚುಕ್ಕೆ ಬೇಕು. ಬರುವ ದಿಕ್ಕಿನಲ್ಲಿ ಭಾರದ ತುಣುಕುಗಳು ಮುಂದಕ್ಕೆ ಸಾಗುತ್ತವೆ, ಹಗುರವಾದವು ಗಾಳಿಯ ತಡೆಗೆ ಬೇಗ ವೇಗ ಕಳೆದುಕೊಂಡು ಹಿಂದೆ ಬೀಳುತ್ತವೆ. ಹೀಗಾಗಿ ಚುಕ್ಕೆಗಳು ಉದ್ದನೆಯ ಅಂಡಾಕಾರದಲ್ಲಿ ಹರಡುತ್ತವೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಉಲ್ಕೆ ಪೂರ್ವದಿಂದ ಪಶ್ಚಿಮಕ್ಕೆ ಸಾಗಿತು. 500 ಕಿಲೋಗ್ರಾಂ ಮೀರಿದ ಅತಿ ದೊಡ್ಡ ತುಣುಕು ಸಿಕ್ಕಿದ್ದು ಪಶ್ಚಿಮದ ತುದಿಯಲ್ಲಿ, ಚೆಬಾರ್ಕುಲ್ ಕೆರೆಯ ತಳದಲ್ಲಿ.

ತುಣುಕುಗಳ ಚುಕ್ಕೆಗಳನ್ನು ತೂಕಕ್ಕೆ ತಕ್ಕ ಬಣ್ಣದಲ್ಲಿ ತೋರಿಸಿ, ಮಿನಿಮಮ್ ಬೌಂಡಿಂಗ್ ಜಾಮಿಟ್ರಿ ಎಂಬ ಉಪಕರಣವನ್ನು ಮಿನಿಮಮ್ ಓರಿಯೆಂಟೆಡ್ ರೆಕ್ಟ್ಯಾಂಗಲ್ ಎಂಬ ಆಯ್ಕೆಯೊಂದಿಗೆ ನಡೆಸಿ. ಚುಕ್ಕೆಗಳನ್ನು ಅತಿ ಬಿಗಿಯಾಗಿ ಸುತ್ತುವರಿಯುವ ಆಯತ ಬರುತ್ತದೆ, ಅದರ ಉದ್ದನೆಯ ಬದಿಯ ಕೋನ ಬಂದ ದಿಕ್ಕಿನ ಮೊದಲ ಅಂದಾಜು. ನಾಲ್ಕೈದೇ ಚುಕ್ಕೆಗಳಿದ್ದರೆ ಆ ಕೋನವನ್ನು ನಂಬಬೇಡಿ. ಇನ್ನೊಂದು ಪದರದಲ್ಲಿ ಹುಡುಕಿದರೂ ಏನೂ ಸಿಗದ ಹೊಲಗಳನ್ನು ಗುರುತಿಸಿ. ಅದಿಲ್ಲದೆ, ಕಲ್ಲಿಲ್ಲದ ಜಾಗ ಯಾವುದು, ಯಾರೂ ಕಾಲಿಡದ ಜಾಗ ಯಾವುದು ಎಂದು ನಕ್ಷೆ ನೋಡಿ ಹೇಳಲು ಬರುವುದಿಲ್ಲ.

ಹೊಲದಲ್ಲಿ ದಾಖಲಿಸಲು ಮೊಬೈಲಿನ ಕ್ಯೂಫೀಲ್ಡ್ ಆ್ಯಪ್ ಸಾಕು. ಕಲ್ಲನ್ನು ಎತ್ತುವ ಮೊದಲೇ ಜಿಪಿಎಸ್ ಬಿಂದು ಹಾಕಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ, ಗುಂಡಿಯಿದ್ದರೆ ಅದರ ಆಳವನ್ನೂ ಬರೆಯಿರಿ. ಬರಿಗೈಯಲ್ಲಿ ಮುಟ್ಟಬೇಡಿ. ಅಯಸ್ಕಾಂತ ತಾಗಿಸಿ ಪರೀಕ್ಷಿಸುವುದು ರೂಢಿ, ಆದರೆ ಕಲ್ಲಿನೊಳಗೆ ಉಳಿದಿರುವ ಪುರಾತನ ಕಾಂತಕ್ಷೇತ್ರದ ಗುರುತನ್ನು ಆ ಒಂದು ಸ್ಪರ್ಶ ಅಳಿಸಿಹಾಕಬಲ್ಲದು. ಕರ್ನಾಟಕದಲ್ಲಾದರೆ ಭೂವೈಜ್ಞಾನಿಕ ಸರ್ವೇಕ್ಷಣೆಯ ಬೆಂಗಳೂರು ಕಚೇರಿಗೆ ತಿಳಿಸಿ.

ಹಂಚಿಕೊಳ್ಳುವ ಮೊದಲು

ಮುದ್ರಣಕ್ಕೆ ಕ್ಯೂಜಿಐಎಸ್‌ನ ಪ್ರಿಂಟ್ ಲೇಔಟ್, ಅಂತರ್ಜಾಲಕ್ಕೆ ಕ್ಯೂಜಿಐಎಸ್2ವೆಬ್ ಪ್ಲಗಿನ್, ಗೂಗಲ್ ಅರ್ಥ್‌ನಲ್ಲಿ ನೋಡುವವರಿಗೆ ಕೆಎಂಎಲ್ ಕಡತ. ಯಾವುದೇ ಆಗಲಿ, ಮಾಹಿತಿಯ ಮೂಲ, ಇಳಿಸಿಕೊಂಡ ದಿನಾಂಕ, ನೀವು ತೆಗೆದುಹಾಕಿದ ಸಾಲುಗಳ ಸಂಖ್ಯೆ, ನಿಖರತೆಯ ಉಂಗುರದ ಅರ್ಥ, ಇವು ನಕ್ಷೆಯ ಮೇಲೆಯೇ ಇರಲಿ. ಈಚೆಗೆ ಕಲ್ಲು ಬಿದ್ದ ಖಾಸಗಿ ಜಮೀನಿನ ಜಿಪಿಎಸ್ ಬಿಂದುವನ್ನು ಸಾರ್ವಜನಿಕ ನಕ್ಷೆಯಲ್ಲಿ ಹಾಗೆಯೇ ಬಿಡಬೇಡಿ. ಕಲ್ಲು ಹುಡುಕಿಕೊಂಡು ಬರುವವರು ಬೆಳೆ ತುಳಿಯುತ್ತಾರೆ, ಅದರ ಪಾಡು ಪಡುವವರು ಆ ಹೊಲದ ರೈತರು. ಸಾರ್ವಜನಿಕ ಪ್ರತಿಗೆ ಅಕ್ಷಾಂಶ ರೇಖಾಂಶಗಳನ್ನು ದಶಾಂಶದ ಎರಡು ಸ್ಥಾನಕ್ಕೆ ಇಳಿಸಿ, ನಿಖರತೆಯ ಕಾಲಮಿನಲ್ಲಿ 1,000 ಎಂದು ಬದಲಿಸಿ, ಪೂರ್ಣ ಅಳತೆಯ ಪ್ರತಿಯನ್ನು ಸಂಶೋಧಕರಿಗೆ ಕೊಡಲು ಬೇರೆಯಾಗಿ ಇಟ್ಟುಕೊಳ್ಳಿ.